ಟೋಪಿಯ ಮೇಲೆ ಗಂಡಭೇರುಂಡ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಸೇನೆಯ ರೆಜಿಮೆಂಟ್‌ಗಳೆಂದರೆ ಒಂದು ಪಟ್ಟಿ ಅಷ್ಟೆ. ಯಾವುದರ ಲಾಂಛನ ಏನು, ಧ್ಯೇಯವಾಕ್ಯ ಯಾವುದು ಎಂದು ಉರು ಹೊಡೆದರೆ ಒಂದು ಅಂಕ ಗ್ಯಾರಂಟಿ. ಆದರೆ ಆ ಪಟ್ಟಿಯಲ್ಲಿ ನಮ್ಮ ಮನೆಯದೇ ಹಕ್ಕಿಯೊಂದು ಕೂತಿದೆ. ಇಂದಿಗೂ ಕುದುರೆಗಳನ್ನು ಉಳಿಸಿಕೊಂಡಿರುವ 61ನೇ ಕ್ಯಾವಲ್ರಿಯ ನೆಲೆ ದೂರದ ಜೈಪುರ. ಅದರ ಸವಾರರ ಬ್ಯಾಡ್ಜ್‌ನಲ್ಲಿರುವುದು ಮಾತ್ರ ಗಂಡಭೇರುಂಡ. ಸರ್ಕಾರಿ ನೇಮಕಾತಿ ಅಧಿಸೂಚನೆಯ ನೆತ್ತಿಯ ಮೇಲೆ, ಕೆಎಸ್‌ಆರ್‌ಟಿಸಿ ಬಸ್ಸಿನ ಮೈಮೇಲೆ ನಾವು ದಿನವೂ ನೋಡುವ ಅದೇ ಎರಡು ತಲೆಯ ಪಕ್ಷಿ!

ಅದು ಅಲ್ಲಿಗೆ ಹೋದದ್ದು ಮೈಸೂರು ಲ್ಯಾನ್ಸರ್ಸ್ ಜೊತೆಗೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಜೋಧಪುರ ಮತ್ತು ಮೈಸೂರಿನ ಸವಾರರು ಇಂದಿನ ಇಸ್ರೇಲ್‌ನಲ್ಲಿರುವ ಹೈಫಾ ಪಟ್ಟಣವನ್ನು ಗೆದ್ದರು. ಎದುರಿಗೆ ಮೆಷಿನ್ ಗನ್‌, ಇವರ ಕೈಯಲ್ಲಿ ಈಟಿ, ಕತ್ತಿ. ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟವನ್ನೇ ಹತ್ತಿ ಅಲ್ಲಿದ್ದ ಫಿರಂಗಿಗಳನ್ನು ವಶಪಡಿಸಿಕೊಂಡಿತು. ಸ್ವಾತಂತ್ರ್ಯದ ನಂತರ ಸಂಸ್ಥಾನಗಳ ಕುದುರೆ ದಳಗಳನ್ನೆಲ್ಲ ಸೇರಿಸಿ 1953ರಲ್ಲಿ ಹೊಸ ರೆಜಿಮೆಂಟ್ ಕಟ್ಟಿದಾಗ, ಮೈಸೂರಿನವರ ಗಂಡಭೇರುಂಡವೇ ಎಲ್ಲರ ಗುರುತಾಯಿತು.

ಎಲ್ಲ ಲಾಂಛನಗಳ ಕಥೆಯೂ ಹೀಗೆ ಎದೆಯುಬ್ಬಿಸುವಂಥದ್ದಲ್ಲ. ಕರ್ನಾಟಕದ ಹುಡುಗರೂ ಸೇರುವ ಮದ್ರಾಸ್ ರೆಜಿಮೆಂಟ್‌ನ ಬ್ಯಾಡ್ಜ್ ನೋಡಿ: ಗುರಾಣಿ, ಅಡ್ಡಹಾಯ್ದ ಎರಡು ಕತ್ತಿ, ಆನೆ. ಈ ಆನೆ ಬಂದದ್ದು ಇಂದಿನ ಮಹಾರಾಷ್ಟ್ರದ ಅಸಾಯೆಯಿಂದ. ಅಲ್ಲಿ 1803ರಲ್ಲಿ, ವಿಚಿತ್ರವೆಂದರೆ ಅದೇ ಸೆಪ್ಟೆಂಬರ್ 23ರಂದು, ಆರ್ಥರ್ ವೆಲ್ಲೆಸ್ಲಿಯ ಕೈಕೆಳಗೆ ಮದ್ರಾಸಿನ ಸಿಪಾಯಿಗಳು ಸಿಂಧಿಯಾನ ಮರಾಠಾ ಸೈನ್ಯವನ್ನು ಸೋಲಿಸಿದರು. ಆ ಗೆಲುವಿಗೆ ಈಸ್ಟ್ ಇಂಡಿಯಾ ಕಂಪನಿ ಕೊಟ್ಟ ಗೌರವವೇ ಆನೆ. ಅಂದರೆ ನಮ್ಮವರು ನಮ್ಮವರನ್ನೇ ಸೋಲಿಸಿದ್ದಕ್ಕೆ ಸಿಕ್ಕ ಬಹುಮಾನ. ಭಾರತೀಯರ ವಿರುದ್ಧ ಪಡೆದ ಇಂಥ ಗೆಲುವುಗಳನ್ನು ನಮ್ಮ ಸೇನೆ ಈಗ ಆಚರಿಸುವುದಿಲ್ಲ. ಬ್ರಿಟಿಷ್ ಕಿರೀಟವೂ ಲಾಂಛನಗಳಿಂದ ಇಳಿದುಹೋಗಿ ಅದರ ಜಾಗಕ್ಕೆ ಅಶೋಕ ಸಿಂಹ ಬಂದಿದೆ. ಆನೆ ಮಾತ್ರ ಹಾಗೇ ಇದೆ.

ತೆಗೆಯಬೇಕಿತ್ತೇ? ನನಗೇನೋ ಹಾಗನಿಸುವುದಿಲ್ಲ. 1965ರಲ್ಲಿ, 1971ರಲ್ಲಿ ಇದೇ ರೆಜಿಮೆಂಟ್‌ನವರು ದೇಶಕ್ಕಾಗಿ ಪ್ರಾಣ ಕೊಟ್ಟಿದ್ದಾರೆ. ಕಂಪನಿ ಕೊಟ್ಟದ್ದು ಎಂಬ ಕಾರಣಕ್ಕೆ ಕಿತ್ತರೆ ಅವರ ಎದೆಯಿಂದಲೂ ಕಿತ್ತ ಹಾಗೆ. ಆದರೆ ಅಸಾಯೆಯಲ್ಲಿ ನಡೆದದ್ದನ್ನು ಮುಚ್ಚಿಡಬೇಕಿಲ್ಲ. ಗೈಡ್ ಪುಸ್ತಕದ 'ಮದ್ರಾಸ್ ರೆಜಿಮೆಂಟ್ – ಆನೆ' ಎಂಬ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ 1803 ಎಂದು ಬರೆದುಕೊಳ್ಳಿ.

ಅಂದಹಾಗೆ, 61ನೇ ಕ್ಯಾವಲ್ರಿಗೆ ಬಂದು ಸೇರಿದವರಲ್ಲಿ ಗ್ವಾಲಿಯರ್ ಲ್ಯಾನ್ಸರ್ಸ್ ಕೂಡ ಇದ್ದರು. ಗ್ವಾಲಿಯರ್ ಎಂದರೆ ಅಸಾಯೆಯಲ್ಲಿ ಸೋತ ಅದೇ ಸಿಂಧಿಯಾ ಮನೆತನದ ಸಂಸ್ಥಾನ. ಅಲ್ಲಿಂದ ಬಂದವರೂ ಧರಿಸಿದ್ದು ಮೈಸೂರಿನ ಹಕ್ಕಿಯನ್ನು.