ಕಂಪ್ಯೂಟರಲ್ಲಿ ಓಡಿದ ಕಾರು ಟ್ರ್ಯಾಕಿನಲ್ಲಿ ಕುಣಿಯಿತು

2014ರಿಂದ 2021ರವರೆಗೆ, ಸತತ ಎಂಟು ವರ್ಷ ಫಾರ್ಮುಲಾ ಒನ್‌ನಲ್ಲಿ ತಂಡಗಳ ಚಾಂಪಿಯನ್‌ಶಿಪ್ ಗೆದ್ದಿದ್ದು ಮರ್ಸಿಡಿಸ್. 2022ರಲ್ಲಿ ಅದೇ ತಂಡ, ಅದೇ ಲೂಯಿಸ್ ಹ್ಯಾಮಿಲ್ಟನ್, ಜೊತೆಗೆ ಹೊಸದಾಗಿ ಬಂದ ಜಾರ್ಜ್ ರಸೆಲ್. ಆದರೆ 22 ರೇಸ್‌ಗಳಲ್ಲಿ ಗೆದ್ದಿದ್ದು ಒಂದೇ ಒಂದು! ಇಷ್ಟು ಬುದ್ಧಿವಂತ ಇಂಜಿನಿಯರುಗಳು ಎಡವಿದ್ದೆಲ್ಲಿ?

ಆ ವರ್ಷ ನಿಯಮ ಬದಲಾಯಿತು. ರೆಕ್ಕೆಗಳಿಗಿಂತ ಕಾರಿನ ತಳಕ್ಕೆ ಹೆಚ್ಚು ಕೆಲಸ ಬಂತು. ತಳದ ಸುರಂಗಗಳಲ್ಲಿ ಗಾಳಿ ವೇಗವಾಗಿ ಹರಿದರೆ ಒತ್ತಡ ಇಳಿಯುತ್ತೆ, ಕಾರು ನೆಲಕ್ಕೆ ಅಂಟಿಕೊಳ್ಳುತ್ತೆ. ನಾವೆಲ್ಲ ಫ್ಲೂಯಿಡ್ ಮೆಕ್ಯಾನಿಕ್ಸ್ ಪರೀಕ್ಷೆಯಲ್ಲಿ ಬರೆಯೋ ಬರ್ನೂಲಿಯೇ ಇದು. ಕಾರು ನೆಲಕ್ಕೆ ಹತ್ತಿರವಾದಷ್ಟೂ ಹಿಡಿತ ಜಾಸ್ತಿ. ಆದರೆ ಅದಕ್ಕೊಂದು ಮಿತಿ ಇದೆ. ತೀರಾ ಕೆಳಗಿಳಿದರೆ ಗಾಳಿಯ ಹರಿವು ಕಟ್ಟಿಹೋಗಿ ಸೆಳೆತ ತಟ್ಟನೆ ಕಡಿಮೆಯಾಗುತ್ತೆ, ಕಾರು ಮೇಲೇಳುತ್ತೆ. ಎದ್ದ ಕೂಡಲೇ ಹರಿವು ಸರಿಹೋಗಿ ಮತ್ತೆ ಕೆಳಗೆಳೆಯುತ್ತೆ. ಸೆಕೆಂಡಿಗೆ ಹಲವು ಸಲ ಹೀಗೆ! ಇದನ್ನೇ ಪೋರ್ಪಾಯ್ಸಿಂಗ್ ಅನ್ನೋದು.

ಬೇರೆ ತಂಡಗಳಿಗೂ ಈ ಕಾಟ ಇತ್ತು. ಮರ್ಸಿಡಿಸ್‌ಗೆ ಹೆಚ್ಚು ತಟ್ಟಿದ್ದು ಯಾಕಂದ್ರೆ, ಅವರ ಡಬ್ಲ್ಯೂ13 ಕಾರು ತನ್ನ ಪೂರ್ತಿ ವೇಗ ತೋರಿಸಬೇಕಿದ್ದುದೇ ನೆಲಕ್ಕೆ ತೀರಾ ಹತ್ತಿರದಲ್ಲಿ. ಲೆಕ್ಕದಲ್ಲಿ ಅದು ಚೆನ್ನಾಗೇ ಇತ್ತು. ಆದರೆ ವಿಂಡ್ ಟನೆಲ್‌ನಲ್ಲಿ ನಿಯಮದ ಪ್ರಕಾರ ಇಡಬಹುದಾದದ್ದು 60% ಅಳತೆಯ ಮಾದರಿ, ಗಾಳಿಯ ವೇಗ ಗಂಟೆಗೆ 180 ಕಿಮೀ ಮೀರುವಂತಿಲ್ಲ. ನಿಜವಾದ ಕಾರು 300 ದಾಟುತ್ತೆ, ಸ್ಪ್ರಿಂಗ್ ಮತ್ತು ಟೈರುಗಳ ಮೇಲೆ ಕುಣಿಯುತ್ತೆ. ಆ ಕುಣಿತ ಮಾದರಿಯಲ್ಲಿ ಕಾಣಲಿಲ್ಲ.

ಟ್ರ್ಯಾಕಿನಲ್ಲಿ ಕಾರನ್ನು ಎತ್ತರಿಸಿದರೆ ಹಿಡಿತ ಹೋಗ್ತಿತ್ತು. ತಗ್ಗಿಸಿ ಬಿಗಿ ಮಾಡಿದರೆ ರಸ್ತೆಯ ಉಬ್ಬುತಗ್ಗೆಲ್ಲ ನೇರ ಚಾಲಕನ ಬೆನ್ನಿಗೆ. ಬಾಕು ರೇಸ್ ಮುಗಿದಾಗ ಹ್ಯಾಮಿಲ್ಟನ್ ಬೆನ್ನು ಹಿಡಿದುಕೊಂಡೇ ಕಾರಿನಿಂದ ಇಳಿದರು. ಖರ್ಚಿಗೂ ಮಿತಿ ಇದ್ದುದರಿಂದ ಮನಸ್ಸು ಬಂದಷ್ಟು ಹೊಸ ಭಾಗ ಮಾಡುವಂತೆಯೂ ಇರಲಿಲ್ಲ. ಕೊನೆಗೆ ನವೆಂಬರಿನಲ್ಲಿ ಬ್ರೆಜಿಲ್‌ನ ಇಂಟರ್ಲಾಗೋಸ್‌ನಲ್ಲಿ ರಸೆಲ್ ಗೆದ್ದರು. ತಂಡಕ್ಕೆ 515 ಅಂಕ, ಮೂರನೇ ಸ್ಥಾನ. 2007ರಲ್ಲಿ ಶುರು ಮಾಡಿದ ಹ್ಯಾಮಿಲ್ಟನ್‌ಗೆ ಗೆಲುವೇ ಇಲ್ಲದ ಮೊದಲ ವರ್ಷ ಅದು.

ಎಲ್ಲರ ಕಣ್ಣಿಗೆ ಬಿದ್ದಿದ್ದು ಆ ಕಾರಿನ ಸಪೂರ ಪಕ್ಕೆಗಳು, ಬೈಗುಳವೂ ಅವಕ್ಕೇ. 2023ರ ಮೊನಾಕೋ ರೇಸ್ ಹೊತ್ತಿಗೆ ಅವನ್ನೂ ಬದಲಿಸಿದರು. ಆ ವರ್ಷ ಒಂದೂ ಗೆಲುವಿಲ್ಲ. ಕಾಣೋ ಭಾಗ ಬದಲಿಸಿದ್ದಕ್ಕೇ ಕಾಯಿಲೆ ವಾಸಿಯಾಗಲಿಲ್ಲ.

ನಮ್ಮ ಪ್ರಾಜೆಕ್ಟುಗಳಲ್ಲೂ ಸಿಮ್ಯುಲೇಷನ್ ಕನ್ವರ್ಜ್ ಆದ ಕೂಡಲೇ ಬಣ್ಣಬಣ್ಣದ ಚಿತ್ರವನ್ನ ರಿಪೋರ್ಟಿಗೆ ಅಂಟಿಸಿಬಿಡ್ತೀವಿ. ಅದು ಕೊಟ್ಟ ಪ್ರಶ್ನೆಗೆ ಉತ್ತರ ಅಷ್ಟೇ. ನಿಜದಲ್ಲಿ ಅಲುಗಾಡೋ ಯಾವುದನ್ನ ನಾವು ಅಲುಗಾಡಲ್ಲ ಅಂದುಕೊಂಡು ಲೆಕ್ಕ ಹಾಕಿದೀವಿ ಅಂತ ಒಂದು ಪಟ್ಟಿ ಮಾಡಿ, ಆ ಚಿತ್ರದ ಪಕ್ಕದಲ್ಲೇ ಬರೆಯೋಣ. ಪರೀಕ್ಷಿಸಬೇಕಾದ ಮೊದಲ ವಿಷಯ ಆ ಪಟ್ಟಿಯಲ್ಲೇ ಇರುತ್ತೆ.