ಎರೆಮಣ್ಣು, ಎತ್ತಿದ ನೀರು, ಎಂ.ಟೆಕ್. ಪ್ರಬಂಧ

ಗಾಜಿನ ಎರಡು ಅಳತೆ ಜಾಡಿಗಳು. ಎರಡರಲ್ಲೂ ಒಣಗಿಸಿ ಸಣ್ಣ ಜರಡಿ ಹಿಡಿದ ಹತ್ತು ಹತ್ತು ಗ್ರಾಂ ಎರೆಮಣ್ಣು. ಒಂದಕ್ಕೆ ಭಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ, ಎರಡೂ 100 ಮಿಲಿಲೀಟರ್ ಗೆರೆ ಮುಟ್ಟುವಷ್ಟು. ಗಾಜಿನ ಕಡ್ಡಿಯಿಂದ ಮೆಲ್ಲಗೆ ಕಲಕಿ, ಗಾಳಿಗುಳ್ಳೆಗಳನ್ನು ಹೊರಡಿಸಿ, 24 ಗಂಟೆ ಬಿಡಬೇಕು. ಮರುದಿನ ಬಂದು ನೋಡಿದರೆ ಸೀಮೆಎಣ್ಣೆಯ ಜಾಡಿಯಲ್ಲಿ ಮಣ್ಣು ತಳ ಹಿಡಿದು ಕೂತಿರುತ್ತದೆ, ನೀರಿನ ಜಾಡಿಯಲ್ಲಿ ಉಬ್ಬಿ ಮೇಲೆ ಬಂದಿರುತ್ತದೆ. ಎರಡು ಗೆರೆಗಳ ನಡುವಿನ ಅಂತರವನ್ನು ಸೀಮೆಎಣ್ಣೆಯ ಗೆರೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಆ ಮಣ್ಣು ಶೇಕಡಾ ಎಷ್ಟು ಉಬ್ಬುತ್ತದೆ ಎಂಬುದು ಗೊತ್ತಾಗುತ್ತದೆ. ಭಾರತೀಯ ಮಾನಕ ಐಎಸ್ 2720ರ 40ನೇ ಭಾಗದಲ್ಲಿ ಹೇಳಿರುವ ವಿಧಾನ ಇದು. ಶೇ 50 ದಾಟಿತೆಂದರೆ ಆ ನೆಲದ ಮೇಲೆ ಮನೆ ಕಟ್ಟುವವರು, ರಸ್ತೆ ಹಾಕುವವರು ಎರಡು ಸಲ ಯೋಚನೆ ಮಾಡಬೇಕು.

ವಿಜಯಪುರ ಜಿಲ್ಲೆಯಲ್ಲಿ ಪರಿಸರಸ್ನೇಹಿ ಎಂಜಿನಿಯರಿಂಗ್ ಕುರಿತು ಸ್ನಾತಕೋತ್ತರ ಅಧ್ಯಯನಕ್ಕೆ ಹೊರಟವರು ಬೇಗನೇ ಎದುರಾಗುವುದು ಈ ಜಾಡಿಗಳಿಗೇ. ಇಲ್ಲಿನ ಎರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಗೋಡೆ ಸೀಳುವುದು, ಡಾಂಬರು ಅಲೆಯಲೆಯಾಗಿ ಏಳುವುದು ಇದರಿಂದಲೇ. ಹಳೆಯ ಉಪಾಯವೆಂದರೆ ಎರೆಯನ್ನೆಲ್ಲ ಅಗೆದು ಎಸೆದು, ದೂರದಿಂದ ಗರಸು ತಂದು ತುಂಬುವುದು. ಅಂದರೆ ಒಂದು ಗುಡ್ಡ ಕರಗಬೇಕು, ಒಳ್ಳೆಯ ಎರೆ ಹಾಳಾಗಬೇಕು, ಲಾರಿಗಳು ಡೀಸೆಲ್ ಸುಡಬೇಕು. ಅದರ ಬದಲು ಇದೇ ಮಣ್ಣಿಗೆ ಸುಣ್ಣವನ್ನೋ ಹಾರುಬೂದಿಯನ್ನೋ ಬೆರೆಸಿ ಅದರ ಉಬ್ಬರ ಇಳಿಸಬಹುದೇ? ಜಿಲ್ಲೆಯ ಕೂಡಗಿಯಲ್ಲಿ 800 ಮೆಗಾವಾಟ್‌ನ ಮೂರು ಘಟಕಗಳ ಎನ್‌ಟಿಪಿಸಿ ಕಲ್ಲಿದ್ದಲು ವಿದ್ಯುತ್ ಸ್ಥಾವರವಿದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಪಾಲು ಹೆಚ್ಚು, ನೂರು ಟನ್ ಸುಟ್ಟರೆ ಸಾಮಾನ್ಯವಾಗಿ 30ರಿಂದ 40 ಟನ್ ಬೂದಿಯೇ ಉಳಿಯುತ್ತದೆ. ಒಂದು ಕಡೆ ಬೇಡವೆನಿಸಿದ ಬೂದಿ, ಇನ್ನೊಂದು ಕಡೆ ನಂಬಲಾಗದ ಮಣ್ಣು. ಎರಡನ್ನೂ ಯಾವ ಪ್ರಮಾಣದಲ್ಲಿ ಕೂಡಿಸಬೇಕು, ಕೂಡಿಸಿದ್ದು ಎಷ್ಟು ಮಳೆಗಾಲ ತಾಳುತ್ತದೆ, ಬೂದಿಯೊಳಗಿನ ಲೋಹಗಳು ಬಾವಿಯ ನೀರಿಗೆ ಇಳಿಯುತ್ತವೆಯೇ ಎಂದು ಹುಡುಕುವುದು ಒಬ್ಬ ವಿದ್ಯಾರ್ಥಿಯ ಎರಡು ವರ್ಷಕ್ಕೆ ಧಾರಾಳವಾಗಿ ಸಾಕಾಗುವ ಕೆಲಸ. ಮೂರನೆಯ ಪ್ರಶ್ನೆಯನ್ನು ಬಿಟ್ಟ ಪ್ರಬಂಧ ಅರ್ಧ ಪ್ರಬಂಧ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಂಥ ಕೆಲಸಕ್ಕೆ ಬೇಕಾದ ಸಂಸ್ಥೆಗಳು ವಿಜಯಪುರದಲ್ಲೇ ಇವೆ. ವಚನ ಸಂಶೋಧಕ ಫ.ಗು. ಹಳಕಟ್ಟಿಯವರು ಕಟ್ಟಿದ ಬಿಎಲ್‌ಡಿಇ ಸಂಸ್ಥೆ 1910ರದು. ಅವರದೇ ಹೆಸರಿನ ಎಂಜಿನಿಯರಿಂಗ್ ಕಾಲೇಜು 1980ರಿಂದ ನಡೆಯುತ್ತಿದೆ. ಓಣಿ ಓಣಿ ತಿರುಗಿ ತಾಳೆಗರಿಯ ಕಟ್ಟು ಕೂಡಿಹಾಕಿದ ಆ ಹಿರಿಯರ ಹೆಸರಿನ ಕಾಲೇಜಿನ ಮಕ್ಕಳು ಮಣ್ಣು, ನೀರಿನ ಮಾದರಿಗಾಗಿ ಹಳ್ಳಿ ತಿರುಗುವುದು ಅವರಿಗೆ ಸಲ್ಲುವ ಗೌರವವೇ. ತೊರವಿಯಲ್ಲಿ 2003ರಲ್ಲಿ ಆರಂಭವಾದ ರಾಜ್ಯ ಮಹಿಳಾ ವಿಶ್ವವಿದ್ಯಾಲಯ, ಈಗಿನ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಕಾಲೇಜು ಹಿಟ್ಟಿನಹಳ್ಳಿಯಲ್ಲಿದೆ.

ಈ ನೆಲದಲ್ಲಿ ಸಂಪನ್ಮೂಲದ ಸಂಶೋಧನೆ ನಿನ್ನೆ ಮೊನ್ನೆ ಶುರುವಾದದ್ದಲ್ಲ ಎಂಬುದನ್ನು ಬಹಳ ಜನ ಮರೆತಿದ್ದಾರೆ. 1933ರ ಸುಮಾರಿಗೆ ಬರಗಾಲದ ಸೀಮೆಗಳಿಗಾಗಿ ದೇಶದ ಕೆಲವೇ ಕಡೆ ಒಣಬೇಸಾಯ ಸಂಶೋಧನಾ ಕೇಂದ್ರಗಳು ಹುಟ್ಟಿದವು. ಸೊಲ್ಲಾಪುರ, ರಾಯಚೂರು, ಹಗರಿಯ ಜೊತೆ ಆ ಪಟ್ಟಿಯಲ್ಲಿ ವಿಜಯಪುರವೂ ಇತ್ತು. ವರ್ಷಕ್ಕೆ ಅರವತ್ತು ಸೆಂಟಿಮೀಟರ್‌ ಒಳಗೇ ಮುಗಿಯುವ ಮಳೆಯನ್ನು ಬಿದ್ದಲ್ಲೇ ಹಿಡಿಯುವುದು ಹೇಗೆಂಬುದೇ ಅಲ್ಲಿನ ಪ್ರಶ್ನೆ. ಮುಂಗಾರಿಯಲ್ಲಿ ಹೊಲವನ್ನು ಚೌಕು ಮಡಿಗಳಾಗಿ ಕಟ್ಟಿ, ತೇವವನ್ನು ಎರೆಯೊಳಗೆ ಇಂಗಿಸಿ, ಹಿಂಗಾರಿಯಲ್ಲಿ ಬಿಳಿಜೋಳ ಬಿತ್ತುವ ಪದ್ಧತಿಗೆ ಅಂಕಿಸಂಖ್ಯೆಯ ಬಲ ಬಂದದ್ದು ಇಂಥ ಕೇಂದ್ರಗಳಿಂದ. ರೈತರ ಅನುಭವ, ವಿಜ್ಞಾನಿಗಳ ಅಳತೆ ಎರಡೂ ಕೂಡಿದ್ದರಿಂದ ಅದು ಹೊಲಕ್ಕೆ ಇಳಿಯಿತು.

ನೀರಿನ ಎಂಜಿನಿಯರಿಂಗ್ ಇನ್ನೂ ಹಳೆಯದು. ವಿಜಯಪುರದಿಂದ ಅಥಣಿ ರಸ್ತೆಯಲ್ಲಿ ತಿಕೋಟಾ ಕಡೆಗೆ ಹೊರಟರೆ ಊರು ದಾಟಿದ ಸ್ವಲ್ಪ ಹೊತ್ತಿಗೆ ತೊರವಿ ಸಿಗುತ್ತದೆ. ಎರಡನೆಯ ಇಬ್ರಾಹಿಂ ಆದಿಲ್ ಶಾಹಿ 1599ರಲ್ಲಿ ನವರಸಪುರ ಕಟ್ಟಲು ತೊಡಗಿದ್ದು ಇಲ್ಲಿ. ಕರೇಜ್ ಮಾದರಿಯ ಸುರಂಗ ಬಾವಡಿ ಇರುವುದೂ ಇಲ್ಲೇ. ನೆಲದಡಿ ಸವೆದು ಸಡಿಲಾದ ಕಪ್ಪುಕಲ್ಲಿನ ಪದರದಲ್ಲಿ ಬಸಿಯುವ ನೀರನ್ನು ಹಿಡಿದು, ಸ್ವಲ್ಪವೇ ಇಳಿಜಾರಿನ ಸುರಂಗದಲ್ಲಿ ಊರಿನತ್ತ ಹರಿಸುವ ವ್ಯವಸ್ಥೆ ಕರೇಜ್. ಮೂಲ ಪರ್ಷಿಯಾದ್ದು. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಬಾವಿಯಂಥ ಕಂಡಿಗಳನ್ನು ಕೊರೆದಿರುತ್ತಾರೆ. ಅಗೆದ ಮಣ್ಣು ಮೇಲೆ ಬಂದದ್ದು, ಕೆಲಸದವರಿಗೆ ಗಾಳಿ ಬೆಳಕು ಸಿಕ್ಕಿದ್ದು, ಮುಂದೆ ಹೂಳು ತೆಗೆದದ್ದು ಎಲ್ಲವೂ ಅವುಗಳ ಮೂಲಕ. ಇಳಿಜಾರು ಹೆಚ್ಚಾದರೆ ನೀರು ಸುರಂಗದ ನೆಲವನ್ನು ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕೂಡುತ್ತದೆ. ದುರ್ಬೀನು, ಲೇಸರ್ ಇಲ್ಲದ ಕಾಲದಲ್ಲಿ ಆ ಹದ ಹಿಡಿದವರ ಲೆಕ್ಕ ಎಷ್ಟು ಖಚಿತವಾಗಿರಬೇಕು!

ವಿಜಯಪುರದ ದಕ್ಷಿಣಕ್ಕೆ ಬೇಗಂ ತಲಾಬ್ ಎಂಬ ಕೆರೆ. ಮಹಮ್ಮದ್ ಆದಿಲ್ ಶಾಹಿಯ ಕಾಲದಲ್ಲಿ, 1651ರಲ್ಲಿ, ಅಲ್ಲಿಂದ ನಗರಕ್ಕೆ ಮಣ್ಣಿನ ಕೊಳವೆಗಳಲ್ಲಿ ನೀರು ಬಂತು. ದಾರಿಯಲ್ಲಿ ನಿಲ್ಲಿಸಿದ ಎತ್ತರದ ಕಲ್ಲಿನ ಗೋಪುರಗಳಿಗೆ ಗಂಜ್ ಎನ್ನುತ್ತಾರೆ. ಕೊಳವೆ ಒಡೆಯದಂತೆ ಒತ್ತಡ ಇಳಿಸಿ, ಕೆಸರು ತಂಗಲು ಬಿಟ್ಟು, ತಿಳಿನೀರನ್ನು ಮುಂದಕ್ಕೆ ಕಳಿಸುವುದು ಅವುಗಳ ಕೆಲಸ. ನಗರದೊಳಗೆ ತಾಜ್ ಬಾವಡಿ, ಚಾಂದ್ ಬಾವಡಿಗಳು. ಪುರಾತತ್ವಜ್ಞ ಹೆನ್ರಿ ಕಸಿನ್ಸ್ 1916ರ ತನ್ನ ದೊಡ್ಡ ಗ್ರಂಥದಲ್ಲಿ ಇವುಗಳನ್ನು ದಾಖಲಿಸಿದ. 1984ರಲ್ಲಿ ಕ್ಲೌಸ್ ರೋಟ್ಸರ್ ವಿಜಯಪುರದ ನೀರು ಸರಬರಾಜಿನ ಬಗ್ಗೆಯೇ ಫ್ರೆಂಚ್‌ನಲ್ಲಿ ಒಂದು ದೀರ್ಘ ಪ್ರಬಂಧ ಬರೆದ. ದಖನ್ನಿನ ಐತಿಹಾಸಿಕ ನೀರಿನ ವ್ಯವಸ್ಥೆಗಳು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್‌ನ 2020ರ ಪಟ್ಟಿಗೆ ಸೇರಿದಾಗ ಸುರಂಗ ಬಾವಡಿಯ ಹೆಸರು ಮತ್ತೆ ಸುದ್ದಿಯಾಯಿತು. ಆದರೆ ಚರಿತ್ರೆ, ವಾಸ್ತುಶಿಲ್ಪದವರು ಬರೆದದ್ದರ ಮುಂದಿನ ಕೆಲಸ ಎಂಜಿನಿಯರಿಂಗ್‌ನವರದು. ಸುರಂಗದ ಇಳಿಜಾರು ಸಾವಿರ ಮೀಟರಿಗೆ ಎಷ್ಟು, ಮಳೆ ಬಿದ್ದ ಎಷ್ಟು ದಿನಕ್ಕೆ ಒಳಗೆ ನೀರು ಏರುತ್ತದೆ, ಸುತ್ತಲಿನ ಕೊಳವೆಬಾವಿಗಳು ಎಷ್ಟು ಎಳೆದುಕೊಳ್ಳುತ್ತವೆ, ಮೇಲೆ ಬಂದಿರುವ ಬಡಾವಣೆಗಳ ಬಚ್ಚಲ ನೀರು ಎಲ್ಲಿ ಸೇರುತ್ತದೆ ಎಂಬುದನ್ನು ವರ್ಷವಿಡೀ ಅಳೆಯಬೇಕು. ಸಂರಕ್ಷಣೆ ಕಲ್ಲಿನದಷ್ಟೇ ಅಲ್ಲ, ಆ ಕಲ್ಲಿಗೆ ನೀರು ಕೊಡುವ ಮೇಲಿನ ನೆಲದ್ದೂ ಆಗಬೇಕು.

ಬಬಲೇಶ್ವರದ ಕತೆ ಬೇರೆ. ತಿಕೋಟಾದಂತೆ ಇದೂ ಇತ್ತೀಚೆಗೆ ತಾಲ್ಲೂಕಾದ ಊರು. ತಾಲ್ಲೂಕಿನ ಮಮದಾಪುರದಲ್ಲಿ ಮಹಮ್ಮದ್ ಆದಿಲ್ ಶಾಹಿ 1633ರಲ್ಲಿ ಕಟ್ಟಿಸಿದ ಎರಡು ಕೆರೆಗಳಿವೆ, ಒಂದು ದೊಡ್ಡದು, ಇನ್ನೊಂದು ಸಣ್ಣದು. ದಶಕಗಳ ಕಾಲ ಮಳೆಯನ್ನೇ ನೆಚ್ಚಿ ಒಣಗುತ್ತಿದ್ದ ಈ ಭಾಗದ ಕೆರೆಗಳಿಗೆ ಈಗ ಏತ ನೀರಾವರಿಯಿಂದ ಕೃಷ್ಣೆ ಬರುತ್ತಿದ್ದಾಳೆ. ಮುಳವಾಡ ಯೋಜನೆ ಒಂದು ಕಡೆ, ಹಿಪ್ಪರಗಿ ಬ್ಯಾರೇಜಿನ ಹಿನ್ನೀರಿನಿಂದ ಎತ್ತುವ ತುಬಚಿ–ಬಬಲೇಶ್ವರ ಯೋಜನೆ ಇನ್ನೊಂದು ಕಡೆ. ಟ್ಯಾಂಕರ್ ಕಾದು ಕೂತ ಹೆಣ್ಣುಮಕ್ಕಳಿಗೆ, ದ್ರಾಕ್ಷಿ ಬಳ್ಳಿ ಉಳಿಸಿಕೊಳ್ಳಲು ನೀರು ಕೊಂಡು ಸಾಲ ಹೊತ್ತ ರೈತರಿಗೆ ಇದು ಎಷ್ಟು ದೊಡ್ಡ ಸಮಾಧಾನ ಎಂಬುದನ್ನು ಬೇಸಿಗೆಯಲ್ಲಿ ಇಲ್ಲಿದ್ದವರೇ ಬಲ್ಲರು.

ಅದಕ್ಕಾಗಿಯೇ ಇದರ ಲೆಕ್ಕವೂ ಸರಿಯಾಗಿರಬೇಕು. ಒಂದು ಘನ ಮೀಟರ್ ನೀರನ್ನು ನೂರು ಮೀಟರ್ ಎತ್ತಲು ಭೌತಶಾಸ್ತ್ರದ ಪ್ರಕಾರ ಕಾಲು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು, 0.27 ಯೂನಿಟ್ ವಿದ್ಯುತ್ ಬೇಕು. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್. ಹಾಗಾಗಿ ಒಂದು ಟಿಎಂಸಿ ನೂರು ಮೀಟರ್ ಏರಲು 77 ಲಕ್ಷ ಯೂನಿಟ್. ಪಂಪು, ಮೋಟಾರುಗಳಲ್ಲಿ ಕಾಲು ಭಾಗ ಸೋರಿಹೋಗುತ್ತದೆಂದು ಹಿಡಿದರೆ ಹೆಚ್ಚುಕಡಿಮೆ ಒಂದು ಕೋಟಿ ಯೂನಿಟ್. ಪೈಪಿನೊಳಗಿನ ತಿಕ್ಕಾಟದ ನಷ್ಟ ಬೇರೆ. ಪಂಪಿನ ದಕ್ಷತೆ ಶೇ 75ರಿಂದ 80ಕ್ಕೆ ಏರಿದರೆ ಪ್ರತಿ ಟಿಎಂಸಿಗೆ, ಪ್ರತಿ ನೂರು ಮೀಟರಿಗೆ ಆರು ಲಕ್ಷ ಯೂನಿಟ್‌ಗಿಂತ ಹೆಚ್ಚು ಉಳಿಯುತ್ತದೆ. ಒಬ್ಬ ಮೆಕ್ಯಾನಿಕಲ್ ವಿದ್ಯಾರ್ಥಿನಿ ಒಂದೇ ಪಂಪ್‌ಹೌಸ್ ಹಿಡಿದು, ಒಂದು ಹಂಗಾಮು ಮೀಟರ್ ಓದಿ ಬರೆದಿಟ್ಟರೂ ಅದು ಸರ್ಕಾರದ ಕೈಗೆ ಬರುವ ನಿಜವಾದ ದಾಖಲೆ. ತೊರವಿಯ ಸುರಂಗಕ್ಕೆ ಒಂದು ಯೂನಿಟ್ ವಿದ್ಯುತ್ತೂ ಬೇಕಿರಲಿಲ್ಲ, ನಿಜ. ಆದರೆ ಅದು ಒಂದು ನಗರದ ಬಾಯಾರಿಕೆಗೆ ಇತ್ತು, ಸಾವಿರಾರು ಎಕರೆ ಹೊಲಕ್ಕಲ್ಲ. ಎರಡನ್ನೂ ತೂಗಿ ನೋಡಬೇಕೇ ಹೊರತು ಹಳೆಯದನ್ನು ಹೊಗಳಿ ಹೊಸದನ್ನು ತೆಗಳಬಾರದು.

ನನಗೆ ಹೆಚ್ಚಿನ ಆತಂಕವಿರುವುದು ನೀರು ಬಂದ ಮೇಲಿನದರ ಬಗ್ಗೆ. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂಬುದು ಈ ಸೀಮೆಯ ಗಾದೆ. ಡೋಣಿ ಹೊಳೆಯ ಸಾಲಿನ ಎರೆ ಅಷ್ಟು ಫಲವತ್ತು. ಆದರೆ ಡೋಣಿಯ ನೀರು ಉಪ್ಪು, ನೆಲದಾಳದಲ್ಲೂ ಉಪ್ಪಿದೆ. ಬಸಿದು ಹೋಗಲು ದಾರಿಯಿಲ್ಲದ ಎರೆಗೆ ಮಿತಿಮೀರಿ ನೀರು ಹಾಯಿಸಿದರೆ ಅಂತರ್ಜಲ ಮೇಲೇರುತ್ತದೆ, ಉಪ್ಪನ್ನು ಹೊತ್ತು ತರುತ್ತದೆ, ನೀರು ಆರಿದ ಮೇಲೆ ಉಪ್ಪು ಅಲ್ಲೇ ಉಳಿಯುತ್ತದೆ. ಕೃಷ್ಣಾ ಕೊಳ್ಳದ ಹಳೆಯ ಕಾಲುವೆ ಪ್ರದೇಶಗಳಲ್ಲಿ ಸವಳು–ಜವಳಾಗಿ ಬಿತ್ತನೆ ನಿಂತ ಹೊಲಗಳು ಕಣ್ಣೆದುರಿಗಿವೆ. ಸವಳಾದ ಮೇಲೆ ಸುಧಾರಣೆಗೆ ಓಡಾಡುವುದಕ್ಕಿಂತ, ನೀರು ಈಗಷ್ಟೇ ಮುಟ್ಟುತ್ತಿರುವ ಬಬಲೇಶ್ವರದ ಹೊಲಗಳಲ್ಲಿ ಅಂತರ್ಜಲದ ಮಟ್ಟ, ಮಣ್ಣಿನ ಲವಣಾಂಶ ಇಂದೇ ಅಳೆದು ಬರೆದಿಡುವುದು ಜಾಣತನ. ಹತ್ತು ವರ್ಷದ ನಂತರ ಹೋಲಿಸಿ ನೋಡಲು ಇವತ್ತಿನ ಅಂಕಿಯೇ ಬೇಕಾಗುತ್ತದೆ. ಇದು ಪದಕ ತರುವ ವಿಷಯವಲ್ಲ. ಆದರೆ ಈ ಜಿಲ್ಲೆಗೆ ಇದಕ್ಕಿಂತ ತುರ್ತಿನ ಸಂಶೋಧನೆ ಇನ್ನೊಂದಿಲ್ಲ.

ತಿಕೋಟಾದಲ್ಲಿ ಫೆಬ್ರುವರಿ, ಮಾರ್ಚ್ ಬಂತೆಂದರೆ ದ್ರಾಕ್ಷಿ ಒಣಗಿಸುವ ಶೆಡ್‌ಗಳು ಜೀವ ತಳೆಯುತ್ತವೆ. ಕಬ್ಬಿಣದ ಕಂಬಗಳಿಗೆ ಒಂದರ ಮೇಲೊಂದು ಹತ್ತಾರು ಅಂತಸ್ತು ಜಾಳಿಗೆ, ಮೇಲೆ ಮಾಡು, ನಾಲ್ಕೂ ಕಡೆ ಗಾಳಿಗೆ ತೆರವು. ಕೊಯ್ದ ಗೊಂಚಲನ್ನು ಮೊದಲು ಪೊಟ್ಯಾಷಿಯಂ ಕಾರ್ಬೊನೇಟ್ ಮತ್ತು ಇಥೈಲ್ ಓಲಿಯೇಟ್ ಬೆರೆಸಿದ ನೀರಿನಲ್ಲಿ ಕೆಲವು ನಿಮಿಷ ಅದ್ದುತ್ತಾರೆ. ಕಾಯಿಯ ಮೇಲಿನ ಮೇಣದ ಪೊರೆ ಸಡಿಲಾಗಿ ಒಳಗಿನ ನೀರು ಹೊರಬರಲು ದಾರಿಯಾಗುತ್ತದೆ. ಆಮೇಲೆ ನೆರಳಿನಲ್ಲಿ ಎರಡು ವಾರದ ಆಸುಪಾಸು. ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಮಣೂಕ (ಒಣದ್ರಾಕ್ಷಿ), ಅಂದರೆ ಮೂರು ಲೀಟರ್ ನೀರು ಗಾಳಿಗೆ ಹೋಗಬೇಕು. ಅಷ್ಟು ನೀರನ್ನು ಆವಿ ಮಾಡಲು ಬೇಕಾದ ಶಾಖ ಸುಮಾರು ಎರಡು ಯೂನಿಟ್ ವಿದ್ಯುತ್ತಿಗೆ ಸಮ. ಹತ್ತು ಟನ್ ಮಣೂಕಕ್ಕೆ ಇಪ್ಪತ್ತು ಸಾವಿರ ಯೂನಿಟ್‌ನ ಕೆಲಸವನ್ನು ತಿಕೋಟಾದ ಒಣಗಾಳಿ ಬಿಲ್ಲಿಲ್ಲದೆ ಮಾಡಿಕೊಡುತ್ತದೆ. ಒಣಗಿಸುವ ಯಂತ್ರ ತೋರಿಸಿ ಬಹುಮಾನ ಗೆಲ್ಲುವ ಪ್ರಾಜೆಕ್ಟ್‌ಗಳು ಈ ಲೆಕ್ಕವನ್ನು ಮೊದಲು ಮಾಡಬೇಕು. ಇಡೀ ಶೆಡ್ಡನ್ನು ಕರೆಂಟಿಗೆ ಕಟ್ಟಿಹಾಕುವ ಬದಲು, ಅಕಾಲಿಕ ಮಳೆಯ ಆ ನಾಲ್ಕು ದಿನ ಮಾತ್ರ ತೇವ ಹೊರಹಾಕುವ ಅಗ್ಗದ ಉಪಾಯ ಹುಡುಕಿದವರು ರೈತರ ನಿಜವಾದ ಕಷ್ಟಕ್ಕೆ ಕೈಹಾಕಿದಂತೆ. ಅದ್ದಿ ಉಳಿದ ಆ ಕ್ಷಾರದ ನೀರು ಶೆಡ್‌ನ ಪಕ್ಕದ ಮಣ್ಣಿಗೆ ಏನು ಮಾಡುತ್ತದೆ ಎಂಬುದೂ ಯಾರಾದರೂ ಅಳೆಯಬೇಕಾದ ಪ್ರಶ್ನೆಯೇ.

ಊರಿನ ಕಷ್ಟ ಹಿಡಿದು ಸಂಶೋಧನೆ ಮಾಡುವ ಈ ದಾರಿ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗೆ ವಿಜ್ಞಾನ, ತಂತ್ರಜ್ಞಾನ ಒಯ್ಯುವ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದಾಗ ಪ್ರಯೋಗಾಲಯವನ್ನು ಕುಣಿಗಲ್ ತಾಲ್ಲೂಕಿನ ಉಂಗ್ರಕ್ಕೆ ಒಯ್ದರು. ಅಡುಗೆಮನೆಯಲ್ಲಿ ಸೌದೆ ತೂಗಿದ ಮೇಲೆಯೇ ಅಸ್ತ್ರ ಒಲೆ ಹುಟ್ಟಿದ್ದು. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ಧನಸಹಾಯ ಕೊಡುತ್ತ ಬಂದಿದೆ. ಹಣದ ದಾರಿ ಇದೆ, ಮಾದರಿಯೂ ಇದೆ.

ಹಾಗಾಗಿ ಈ ಜಿಲ್ಲೆಯ ಕಾಲೇಜುಗಳಲ್ಲಿ ಪ್ರಬಂಧದ ವಿಷಯ ಆರಿಸಿಕೊಳ್ಳುತ್ತಿರುವ ಮಕ್ಕಳಲ್ಲಿ, ಅವರ ಮಾರ್ಗದರ್ಶಕರಲ್ಲಿ ಒಂದು ಕೋರಿಕೆ. ಪ್ರಬಂಧ ಇಂಗ್ಲಿಷಿನಲ್ಲೇ ಇರಲಿ, ಕೊನೆಗೆ ಎರಡು ಪುಟದ ಕನ್ನಡ ಸಾರಾಂಶ ಸೇರಿಸಿ. ಅಳತೆ ತೆಗೆದ ಜಾಗ, ತಾರೀಕು, ಅಂಕಿ ಅದರಲ್ಲಿರಲಿ. ಒಂದು ಪ್ರತಿಯನ್ನು ನೀವು ಮಣ್ಣು, ನೀರು ತಂದ ಊರಿನ ಗ್ರಾಮ ಪಂಚಾಯಿತಿಗೂ ಇನ್ನೊಂದನ್ನು ಹೊಲದ ಮಾಲೀಕರಿಗೂ ಕೈಯಾರೆ ಕೊಟ್ಟು ಬನ್ನಿ.