ಗೌರಮ್ಮನ ವಂಶ ಸಿಗುತ್ತೆ, ನನ್ನ ಅಜ್ಜಿಯ ಅಜ್ಜಿಯದು ಯಾಕೆ ಸಿಗಲ್ಲ?

ಇಂಗ್ಲೆಂಡಿಗೆ ಹೋಗಿ ನೆಲೆಸಿದ ಮೊದಲ ಭಾರತೀಯ ರಾಜಕುಮಾರಿ ಕೊಡಗಿನ ಗೌರಮ್ಮ ಎನ್ನುವುದುಂಟು. ಆದರೆ ಆಕೆ ಕೊಡಗನ್ನು ನೋಡಿದವಳೇ ಅಲ್ಲ. ಬ್ರಿಟಿಷರು 1834ರಲ್ಲಿ ಅಪ್ಪ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿ ಕಾಶಿಗೆ ಕಳಿಸಿದ್ದರು. ಗೌರಮ್ಮ ಹುಟ್ಟಿದ್ದು ಅಲ್ಲೇ, 1841ರಲ್ಲಿ.

1852ರಲ್ಲಿ ಅಪ್ಪ ಆಕೆಯನ್ನು ಕರೆದುಕೊಂಡು ಲಂಡನ್‌ಗೆ ಹೋದ. ಕಂಪನಿಯ ಬಳಿ ಉಳಿದಿದ್ದ ಮನೆತನದ ಹಣ ವಾಪಸ್ ಪಡೆಯುವುದು ಅವನ ಉದ್ದೇಶ. ಅದು ಅವನ ದೊಡ್ಡಪ್ಪ ದೊಡ್ಡವೀರರಾಜೇಂದ್ರ ತನ್ನ ಮಗಳು ದೇವಮ್ಮಾಜಿಗಾಗಿ ಇಟ್ಟಿದ್ದ ಹಣ. ಅಂದರೆ ವಿಷಯ ಶುರುವಾಗುವುದೇ ಇನ್ನೊಬ್ಬ ಹೆಣ್ಣುಮಗಳ ಪಾಲಿನಿಂದ. ಲಂಡನ್‌ನಲ್ಲಿ ಹನ್ನೊಂದು ವರ್ಷದ ಗೌರಮ್ಮನಿಗೆ ವಿಕ್ಟೋರಿಯಾ ರಾಣಿಯೇ ಧರ್ಮತಾಯಿಯಾಗಿ ನಿಂತು ತನ್ನ ಹೆಸರಿಟ್ಟರು. ವಿಂಟರ್‌ಹಾಲ್ಟರ್ ಚಿತ್ರ ಬರೆದ, ಮರೊಚೆಟ್ಟಿ ಅಮೃತಶಿಲೆಯಲ್ಲಿ ಕೆತ್ತಿದ. ಪಂಜಾಬಿನ ದುಲೀಪ್ ಸಿಂಗ್ ಜೊತೆ ಮದುವೆ ಮಾಡಿಸುವ ಮಾತೂ ನಡೆದು ಮುರಿದುಬಿತ್ತು. ಪ್ರದರ್ಶನಕ್ಕಿಟ್ಟ ಮಗು ಅಂತಲೇ ನನಗನ್ನಿಸುತ್ತೆ.

1860ರಲ್ಲಿ ಆಕೆ ತನಗಿಂತ ಬಹಳ ದೊಡ್ಡವನಾದ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾದಳು. ಮರುವರ್ಷ ಮಗಳು ಎಡಿತ್ ಹುಟ್ಟಿದಳು. 1864ರಲ್ಲಿ ಗೌರಮ್ಮ ಕ್ಷಯದಿಂದ ತೀರಿಕೊಂಡಳು, ವಯಸ್ಸು ಇಪ್ಪತ್ತೆರಡು. ಸಮಾಧಿ ಬ್ರಾಂಪ್ಟನ್‌ನಲ್ಲಿದೆ. ಎಡಿತ್ ಮುಂದೆ ಯಾರ್ಡ್ಲಿ ಎಂಬುವವರನ್ನು ಮದುವೆಯಾದಳು. ತಾಯಿ ಮಗಳು ಇಬ್ಬರಿಗೇ ಮನೆತನದ ಹೆಸರು ಎರಡು ಸಲ ಬದಲು! ಆದರೂ ಜಾಡು ತಪ್ಪಲ್ಲ, ಯಾಕೆಂದರೆ ಪ್ರತಿ ಹಂತಕ್ಕೂ ಕಾಗದ ಇದೆ. ಎಡಿತ್‌ಳ ಪೂರ್ತಿ ಹೆಸರಿನಲ್ಲಿ 'ಗೌರಮ್ಮ' ಎಂಬುದೂ ಸೇರಿಕೊಂಡಿತ್ತು. ಕೊಡಗಿನ ಲೇಖಕ ಸಿ.ಪಿ. ಬೆಳ್ಳಿಯಪ್ಪ ಇವನ್ನೆಲ್ಲ ಹುಡುಕಿ 2010ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವನ್ನೇ ತಂದರು.

ಈಗ ನಮ್ಮ ಸಂಪಾಜೆಗೆ ಬರೋಣ. ನನ್ನ ಅಜ್ಜಿಯ ಅಜ್ಜಿಯ ಬಗ್ಗೆ ಇದೇ ರೀತಿ ಹುಡುಕಲು ಹೊರಟರೆ ಮೊದಲ ಪ್ರಶ್ನೆ: ಯಾವ ಕಚೇರಿಗೆ ಹೋಗಬೇಕು? 1834ರಲ್ಲಿ ಬ್ರಿಟಿಷರು ಅಮರ ಸುಳ್ಯ ಸೀಮೆಯನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿದರು. ಇವತ್ತಿಗೂ ಕೊಡಗು ಸಂಪಾಜೆ ಬೇರೆ, ದಕ್ಷಿಣ ಕನ್ನಡ ಸಂಪಾಜೆ ಬೇರೆ. ಕೆನರಾ ಅಂದರೆ ಮದರಾಸು ಪ್ರೆಸಿಡೆನ್ಸಿ, ಕೊಡಗಿನದು ಪ್ರತ್ಯೇಕ ಆಡಳಿತ. ಗಡಿ ದಾಟಿ ಮದುವೆಯಾಗಿ ಹೋದ ಹುಡುಗಿಯ ತವರು ಒಂದು ಸರ್ಕಾರದಲ್ಲಿ, ಗಂಡನ ಮನೆ ಇನ್ನೊಂದರಲ್ಲಿ.

ಕಂದಾಯವನ್ನು ನಗದಾಗಿಯೇ ಕಟ್ಟಬೇಕೆಂಬ ಹೊಸ ಪದ್ಧತಿಯ ಸಿಟ್ಟೂ ಸೇರಿ 1837ರಲ್ಲಿ ಇಲ್ಲಿ ದಂಗೆ ಎದ್ದಿತು. ದಂಗೆಕೋರರು ಏಪ್ರಿಲ್‌ನಲ್ಲಿ ಮಂಗಳೂರನ್ನೇ ಹಿಡಿದರು. ಸೋತ ಮೇಲೆ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಅವರ ಹೆಸರು ಉಳಿದದ್ದು ಶಿಕ್ಷೆ ಕೊಟ್ಟ ಸರ್ಕಾರದ ಕಡತದಿಂದಲೂ ಹೌದು, ಊರಿನ ನೆನಪಿನಿಂದಲೂ ಹೌದು. ಈಗ ಪ್ರತಿಮೆಯೂ ಇದೆ. ಗಂಡಸರು ಹೋದ ಮೇಲೆ ಗದ್ದೆ ತೋಟ ನೋಡಿಕೊಂಡು ಮನೆ ನಡೆಸಿದ ಹೆಂಗಸರ ಒಂದು ಹೆಸರನ್ನೂ ನಾನು ಶಾಲೆಯಲ್ಲಿ ಕೇಳಿಲ್ಲ.

ಅದೇ 1837ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟು, ಮದುವೆ, ಸಾವುಗಳ ಸರ್ಕಾರಿ ನೋಂದಣಿ ಶುರುವಾಯಿತು. ಹುಟ್ಟು ಸಾವಿನ ನೋಂದಣಿಯನ್ನು ನಮ್ಮ ದೇಶಾದ್ಯಂತ ಕಡ್ಡಾಯ ಮಾಡಿದ ಕಾಯ್ದೆ ಬಂದಿದ್ದು 1969ರಲ್ಲಿ. ಕಂಪನಿಗೆ ಬೇಕಿದ್ದದ್ದು ಜಮೀನು ಮತ್ತು ಕಂದಾಯ ಕಟ್ಟುವವನ ಹೆಸರು, ಅದೂ ಬಹುಪಾಲು ಗಂಡಸಿನದು. ರಾಣಿಯ ಕಣ್ಣಿಗೆ ಬಿದ್ದ ಒಬ್ಬಳು ಹುಡುಗಿ ಕಡತಕ್ಕೆ ಬಂದಳು, ಅವಳ ಅಪ್ಪನ ಪ್ರಜೆಗಳ ಹೆಣ್ಣುಮಕ್ಕಳು ಬರಲಿಲ್ಲ.

ಹಾಗಾಗಿ ನಮ್ಮ ಕಡೆ ಹುಡುಕುವ ದಾರಿ ಬೇರೆ. ಮನೆ ಹೆಸರು ಒಂದು ಎಳೆ. ಆದರೆ 'ನಮ್ಮದು ಯಾವ ಮನೆ' ಅಂತ ಕೇಳಿದರೆ ಅಪ್ಪನ ಸಾಲು ಮಾತ್ರ ಬರುತ್ತೆ. 'ಅಜ್ಜಿ, ನಿಮ್ಮ ತವರು ಯಾವುದು? ನಿಮ್ಮ ಅಮ್ಮನ ತವರು? ಅವರ ಅಮ್ಮನದು?' ಅಂತ ಕೇಳಬೇಕು. ನಾನು ಕೇಳಿದಾಗ ಮೂರನೇ ತವರಿನ ತನಕ ಅಜ್ಜಿ ಸಲೀಸಾಗಿ ಹೇಳಿದರು, ಹೊಳೆ ದಾಟುವ ಜಾಗದ ಸಮೇತ. ನಾಲ್ಕನೆಯವರ ಹೆಸರು ಗೊತ್ತಿರಲಿಲ್ಲ, ಮನೆಯ ಹೆಸರು ಗೊತ್ತಿತ್ತು. ಅದು ಗಡಿಯ ಆಚೆಗಿನ ಮನೆ.